ಪೇಟೆ ಮೊದಲು, ರಾಜ ಆಮೇಲೆ: ಲಂಡನ್ ಬಗ್ಗೆ ನೀವು ಕೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ಲಂಡನ್ ಯಾಕಿಷ್ಟು ಹೆಸರುವಾಸಿ ಅಂತ ಕೇಳಿದ್ದರು. ಜಾಗ ಕಡಿಮೆ ಇತ್ತು. "ಅದು ಮೊದಲು ಅಂಗಡಿ ಬೀದಿ, ಆಮೇಲೆ ರಾಜಧಾನಿ" ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ತಪ್ಪಾಯ್ತು. ಆ ಒಂದು ಸಾಲಿಗೆ ಬಂದ ಪ್ರಶ್ನೆಗಳೇ ಈ ಸಲ ಅಂಕಣ ಪೂರ್ತಿ ತುಂಬಿವೆ. ಕೆಲವರು ಬಯ್ದಿದ್ದಾರೆ. ಅದನ್ನೂ ಹಾಕಿದ್ದೇನೆ.

ಪ್ರ: ಅಂಗಡಿ ಬೀದಿ ಅಂದ್ರೆ ಏನು ಸಾರ್? ರಾಣಿ, ಅರಮನೆ, ಪಾರ್ಲಿಮೆಂಟು ಎಲ್ಲಾ ಅಲ್ಲೇ ಇದೆಯಲ್ಲ? (ಹೈಸ್ಕೂಲ್ ಮೇಷ್ಟ್ರು, ಹಾಸನ)

ಉ: ಈಗ ರಾಣಿ ಇಲ್ಲ ಮೇಷ್ಟ್ರೇ, ರಾಜ. ಇರಲಿ. ಬೆಂಗಳೂರಿನ ಪೇಟೆ ಮತ್ತು ದಂಡು ನಿಮಗೆ ಗೊತ್ತೇ ಇದೆ. 1949ರವರೆಗೆ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ ಇತ್ತು. ಲಂಡನ್ ಕೂಡ ಹಾಗೇ ಜೋಡಿ ಊರು. ಪೂರ್ವಕ್ಕೆ ವ್ಯಾಪಾರದ ಊರು. ಅಲ್ಲಿಯವರು ಅದನ್ನು ಸುಮ್ನೆ "ಸಿಟಿ" ಅಂತಾರೆ. ನದಿ ಪಕ್ಕದಲ್ಲೇ ಪಶ್ಚಿಮಕ್ಕೆ ಎರಡು ಮೈಲಿ ಹೋದರೆ ವೆಸ್ಟ್‌ಮಿನ್‌ಸ್ಟರ್. ಅದು ರಾಜನ ಊರು. ನೀವು ಹೇಳುವ ಅರಮನೆ, ಪಾರ್ಲಿಮೆಂಟು ಎಲ್ಲಾ ಈ ಎರಡನೇ ಊರಿನವು.

ಇದರಲ್ಲಿ ಮೊದಲು ಹುಟ್ಟಿದ್ದು ಪೇಟೆ. ಸುಮಾರು ಕ್ರಿ.ಶ. 50ರ ಹೊತ್ತಿಗೆ ರೋಮನ್ನರು ಥೇಮ್ಸ್ ನದಿ ದಡದಲ್ಲಿ ಲಂಡಿನಿಯಂ ಅಂತ ಊರು ಕಟ್ಟಿದರು. ಜಾಗ ಹುಡುಕಿದ್ದರಲ್ಲೇ ಅವರ ಜಾಣತನ ಇದೆ. ಅಲ್ಲಿ ನದಿಗೆ ಸೇತುವೆ ಹಾಕುವಷ್ಟು ಗಟ್ಟಿ ದಡ ಸಿಗುತ್ತಿತ್ತು, ಜೊತೆಗೆ ಸಮುದ್ರದ ಉಬ್ಬರ ಅಲ್ಲಿಯವರೆಗೂ ಬರುತ್ತಿತ್ತು. ಉಬ್ಬರ ಬಂದಾಗ ಹಡಗು ತಾನೇ ತೇಲಿಕೊಂಡು ಊರೊಳಗೆ ಬರುತ್ತೆ, ಇಳಿತದಲ್ಲಿ ತಾನೇ ಸಮುದ್ರಕ್ಕೆ ಹೋಗುತ್ತೆ. ಎತ್ತು ಬೇಡ, ಹುಟ್ಟು ಹಾಕೋ ಆಳು ಬೇಡ. ಪುಕ್ಕಟೆ ಸಾರಿಗೆ, ದಿನಕ್ಕೆ ಎರಡು ಸಲ.

ಹತ್ತು ವರ್ಷದಲ್ಲಿ ಬೌಡಿಕಾ ಅನ್ನೋ ಸ್ಥಳೀಯ ರಾಣಿ ರೋಮನ್ನರ ಮೇಲಿನ ಸಿಟ್ಟಿಗೆ ಊರನ್ನೇ ಸುಟ್ಟಳು. ಇವತ್ತಿಗೂ ಸಿಟಿಯಲ್ಲಿ ಪಾಯ ಅಗೆದರೆ ಕೆಳಗೆ ಸುಟ್ಟ ಕೆಂಪು ಮಣ್ಣಿನ ಒಂದು ಪದರ ಸಿಗುತ್ತೆ. ಆದರೆ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದು. ಬ್ಲೂಮ್‌ಬರ್ಗ್ ಕಂಪನಿ ಅಲ್ಲಿ ಕಟ್ಟಡ ಕಟ್ಟಲು ಹೊರಟಾಗ ನೆಲದಡಿಯ ಕೆಸರಲ್ಲಿ 400ಕ್ಕೂ ಹೆಚ್ಚು ಮರದ ಹಲಗೆಗಳು ಸಿಕ್ಕವು. ಹಲಗೆ ಮೇಲೆ ಮೇಣ ಬಳಿದು, ಚೂಪು ಕಡ್ಡಿಯಿಂದ ಬರೆಯುತ್ತಿದ್ದರು. ಮೇಣ ಹೋಗಿದೆ, ಮರದ ಮೇಲೆ ಗೀರು ಉಳಿದಿದೆ. ಅದರಲ್ಲೊಂದಕ್ಕೆ ತಾರೀಖು ಇದೆ: ಕ್ರಿ.ಶ. 57, ಜನವರಿ 8. ಇಡೀ ಬ್ರಿಟನ್ನಿನಲ್ಲಿ ತಾರೀಖು ಹಾಕಿದ, ಕೈಬರಹದ ಅತಿ ಹಳೆಯ ದಾಖಲೆ ಅದು. ಏನು ಬರೆದಿದೆ ಗೊತ್ತಾ? ಟಿಬುಲ್ಲಸ್ ಅನ್ನೋನು ಗ್ರಾಟಸ್ ಅನ್ನೋನಿಗೆ, ತಂದ ಸಾಮಾನಿನ ಬಾಬ್ತು 105 ದೀನಾರಿ ಕೊಡಬೇಕು. ಕಾವ್ಯವಲ್ಲ, ಶಾಸನವಲ್ಲ, ಸಾಲದ ಚೀಟಿ! ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾದವರು ಬೇರೆ.

ರಾಜ ಬಂದದ್ದು ಸಾವಿರ ವರ್ಷ ಆದಮೇಲೆ. ಎಡ್ವರ್ಡ್ ಅನ್ನೋ ದೊರೆ ಪೇಟೆಯಿಂದ ಆಚೆಗೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅರಮನೆ, ಚರ್ಚು ಕಟ್ಟಿಸಿಕೊಂಡ. ಚರ್ಚಿನ ಉದ್ಘಾಟನೆ ಆಗಿದ್ದು 1065ರ ಡಿಸೆಂಬರ್‌ನಲ್ಲಿ. ಮರುವರ್ಷವೇ ವಿಲಿಯಂ ಫ್ರಾನ್ಸ್ ಕಡೆಯಿಂದ ದಂಡೆತ್ತಿ ಬಂದು ಗೆದ್ದ. ಗೆದ್ದವನು ಪೇಟೆಯವರಿಗೆ ಏನು ಮಾಡಿದ? ನಿಮ್ಮ ಹಳೇ ಹಕ್ಕು ಹಾಗೇ ಇರಲಿ ಅಂತ ಬರೆದುಕೊಟ್ಟ. 1067ರ ಆ ಪತ್ರ ಈಗಲೂ ಇದೆ, ಅಂಗೈ ಅಗಲದ ಒಂದು ತೊಗಲಿನ ಪಟ್ಟಿ. ಅದರ ಜೊತೆಗೇ ಪೇಟೆಯ ಮೂಲೆಯಲ್ಲಿ ಟವರ್ ಅನ್ನೋ ಕೋಟೆಯನ್ನೂ ಕಟ್ಟಿಸಿದ. ಹಕ್ಕೂ ಕೊಟ್ಟ, ಕಣ್ಣೂ ಇಟ್ಟ.

ಈಗಲೂ ಈ ಸಿಟಿ ಬೇರೆಯೇ. ಅಳತೆ ಬರೀ 2.9 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ರಾತ್ರಿ ಮಲಗೋರು ಒಂಬತ್ತು ಸಾವಿರದ ಒಳಗೆ, ಬೆಳಿಗ್ಗೆ ಕೆಲಸಕ್ಕೆ ಬರೋರು ಆರು ಲಕ್ಷಕ್ಕೂ ಜಾಸ್ತಿ. ಅದಕ್ಕೆ ಬೇರೆ ಮೇಯರ್, ಬೇರೆ ಪೊಲೀಸ್. ಅಲ್ಲಿನ ಚುನಾವಣೆಯಲ್ಲಿ ಕಂಪನಿಗಳ ಪ್ರತಿನಿಧಿಗಳಿಗೂ ಓಟು ಇದೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ಗಲಾಟೆ ಆಗಿರೋದು.

ಪ್ರ: ಇನ್ಶೂರೆನ್ಸ್ ಹುಟ್ಟಿದ್ದು ಲಂಡನ್ನಿನ ಕಾಫಿ ಹೋಟೆಲಿನಲ್ಲಿ ಅಂತ ನಮ್ಮ ಏಜೆಂಟ್ ಹೇಳ್ತಾರೆ. ಪಾಲಿಸಿ ಮಾರೋಕೆ ಬಿಡೋ ಬುರುಡೆನಾ? (ಗೃಹಿಣಿ, ಶಿವಮೊಗ್ಗ)

ಉ: ಅರ್ಧ ನಿಜ ಅಮ್ಮಾ. ವಿಮೆ ಅದಕ್ಕೂ ಮುಂಚೆ ಇಟಲಿಯ ಬಂದರುಗಳಲ್ಲಿ ಇತ್ತು. ಆದರೆ ಅದು ದೊಡ್ಡ ದಂಧೆ ಆಗಿದ್ದು ಎಡ್ವರ್ಡ್ ಲಾಯ್ಡ್ ಅನ್ನೋನ ಕಾಫಿ ಅಂಗಡಿಯಲ್ಲಿ, 1680ರ ದಶಕದ ಕೊನೆಗೆ. ನದಿ ಹತ್ತಿರದ ಅಂಗಡಿ, ಬರೋರೆಲ್ಲ ಹಡಗಿನವರು. ಯಾವ ಹಡಗು ಹೊರಟಿತು, ಯಾವುದು ಮುಳುಗಿತು ಅನ್ನೋ ಸುದ್ದಿ ಅಲ್ಲಿ ಮೊದಲು ಸಿಗುತ್ತಿತ್ತು. ಹಡಗಿನ ಮಾಲೀಕ ಒಂದು ಕಾಗದದಲ್ಲಿ ತನ್ನ ಸರಕು, ಹೋಗೋ ದಾರಿ ಎಲ್ಲಾ ಬರೆದು ಟೇಬಲ್ ಟೇಬಲ್ಲಿಗೂ ಹಿಡಿಯುತ್ತಿದ್ದ. ದುಡ್ಡಿದ್ದವರು "ಮುಳುಗಿದರೆ ಇಷ್ಟು ಪಾಲು ನಂದು" ಅಂತ ಅದರ ಕೆಳಗೆ ಹೆಸರು ಬರೆಯೋರು. ಕೆಳಗೆ ಬರೆಯೋನು, ಅದಕ್ಕೇ ಅಂಡರ್‌ರೈಟರ್. ಆ ಅಂಗಡಿಯೇ ಇವತ್ತಿನ ಲಾಯ್ಡ್ಸ್ ಅನ್ನೋ ವಿಮೆ ಮಾರುಕಟ್ಟೆ. ಅಲ್ಲಿನ ಸಮವಸ್ತ್ರದ ಸಿಬ್ಬಂದಿಯನ್ನು ಈಗಲೂ ವೇಟರ್ ಅಂತಲೇ ಕರೀತಾರೆ, ಕಾಫಿ ಮಾತ್ರ ಕೊಡಲ್ಲ. ಹಾಲ್ ನಡುವೆ ಲೂಟೀನ್ ಅನ್ನೋ ಹಡಗಿನ ಗಂಟೆ ತೂಗುಹಾಕಿದ್ದಾರೆ. ಹಿಂದೆ ಹಡಗು ಮುಳುಗಿದ ಸುದ್ದಿಗೆ ಒಂದು ಪೆಟ್ಟು, ಕಾಣೆಯಾದದ್ದು ವಾಪಸ್ ಬಂದರೆ ಎರಡು ಪೆಟ್ಟು ಹೊಡೆಯೋರು. ಲೂಟೀನ್ ಮುಳುಗಿದ್ದು 1799ರಲ್ಲಿ. ಈ ಇಸವಿ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದಿನ ಪತ್ರಕ್ಕೆ ಬೇಕು.

ಬೆಂಕಿ ವಿಮೆಗೂ ಅಲ್ಲಿ ಒಂದು ಕಥೆ ಇದೆ. 1666ರ ಸೆಪ್ಟೆಂಬರ್ 2, ಭಾನುವಾರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಅನ್ನೋ ಗಲ್ಲಿಯ ಬೇಕರಿಯಲ್ಲಿ ಹತ್ತಿದ ಬೆಂಕಿ ನಾಲ್ಕು ದಿನದಲ್ಲಿ 13,200 ಮನೆ, 87 ಚರ್ಚು ನುಂಗಿತು. ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಅಧಿಕಾರಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ: ಊರೆಲ್ಲ ಸಾಮಾನು ಹೊತ್ತು ಓಡುತ್ತಿದ್ದಾಗ ಆತ ತೋಟದಲ್ಲಿ ಗುಂಡಿ ತೆಗೆದು ವೈನು ಮತ್ತು ಪಾರ್ಮೆಸಾನ್ ಚೀಸ್ ಹೂತಿಟ್ಟನಂತೆ. ನಮ್ಮಜ್ಜಿ ಆಗಿದ್ದರೆ ಉಪ್ಪಿನಕಾಯಿ ಭರಣಿ ಹೂಳುತ್ತಿದ್ದಳು. ಅದಾಗಿ ಹದಿನೈದು ವರ್ಷದೊಳಗೆ ಮನೆಗೆ ಬೆಂಕಿ ವಿಮೆ ಮಾಡಿಸೋ ಕಚೇರಿ ಶುರುವಾಯಿತು.

ಪ್ರ: ನಮ್ಮನ್ನು ದೋಚಿ ಕಟ್ಟಿದ ಊರನ್ನು ಹೊಗಳೋಕೆ ನಾಚಿಕೆ ಆಗಲ್ವಾ? (ಓದುಗರೊಬ್ಬರು, ಮಂಡ್ಯ)

ಉ: ಅಣ್ಣಾ, ಅಂಗಡಿ ಬೀದಿ ಅಂದರೆ ಹೊಗಳಿಕೆ ಅಂತ ಯಾರು ಹೇಳಿದ್ದು? ಕೇಳಿ, ನೀವು ಶ್ರೀರಂಗಪಟ್ಟಣದ ಪಕ್ಕದವರು, ನಿಮಗೇ ಸೇರಬೇಕಾದ ಕಥೆ ಇದು.

ಅದೇ ಸಿಟಿಯಲ್ಲಿ ಲೆಡನ್‌ಹಾಲ್ ಸ್ಟ್ರೀಟ್ ಅನ್ನೋ ರಸ್ತೆ ಇದೆ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಡ್ ಆಫೀಸ್ ಇತ್ತು. 1600ರ ಡಿಸೆಂಬರ್ 31ಕ್ಕೆ ರಾಣಿ ಎಲಿಜಬೆತ್ ಸಹಿ ಹಾಕಿಕೊಟ್ಟ ಕಂಪನಿ. 24 ಜನ ಡೈರೆಕ್ಟರುಗಳು ಟೇಬಲ್ ಸುತ್ತ ಕೂತು, ಹಡಗಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದ ಕಾಗದ ಓದಿ, ನಮ್ಮೂರಿನ ಕಂದಾಯ ಎಷ್ಟು, ದಂಡು ಎಲ್ಲಿಗೆ ಹೋಗಬೇಕು ಅನ್ನೋದನ್ನು ತೀರ್ಮಾನ ಮಾಡುತ್ತಿದ್ದರು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಲೂಟಿಯಲ್ಲಿ ಟಿಪ್ಪುವಿನ ಒಂದು ಮರದ ಹುಲಿ ಸಿಕ್ಕಿತು. ಕೆಂಪು ಕೋಟಿನ ಬಿಳಿಯನ ಮೇಲೆ ಬಿದ್ದು ಕುತ್ತಿಗೆಗೆ ಬಾಯಿ ಹಾಕಿರೋ ಹುಲಿ. ಹಿಡಿಕೆ ತಿರುಗಿಸಿದರೆ ಆ ಮನುಷ್ಯನ ಕೈ ಮೇಲಕ್ಕೆ ಏಳುತ್ತೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತೆ. ಹೊಟ್ಟೆಯ ಪಕ್ಕದ ಬಾಗಿಲು ತೆಗೆದರೆ ಒಳಗೆ ಪುಟ್ಟ ಆರ್ಗನ್ ಬೇರೆ.

ಅದನ್ನು ಲೆಡನ್‌ಹಾಲ್ ಸ್ಟ್ರೀಟಿಗೆ ತಂದು 1808ರಿಂದ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಅಲ್ಲೇ ಇದ್ದ ಲೈಬ್ರರಿಯಲ್ಲಿ ಓದುತ್ತಾ ಕೂತವರಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಹಿಡಿಕೆಯೇ ಕಾಣೆಯಾಯಿತು! ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು, ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಯುದ್ಧ ಮುಗಿದ ಮೇಲೆ ಕೂತು ಜೋಡಿಸಿದರು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದೆ. ಟಿಪ್ಪು ಬಗ್ಗೆ ನಮ್ಮಲ್ಲಿ ಪರ-ವಿರೋಧ ಇದೆ, ಅದು ಬೇರೆ ಜಗಳ. ಹುಲಿ ಮಾತ್ರ ವಾಪಸ್ ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಕಂಪನಿಯ ಆ ಕಟ್ಟಡವನ್ನು 1860ರ ದಶಕದ ಶುರುವಿನಲ್ಲಿ ಕೆಡವಿದರು. ಅದೇ ಜಾಗದಲ್ಲಿ ಈಗ ಇರೋದು ಯಾರು ಗೊತ್ತಾ? ಲಾಯ್ಡ್ಸ್. ಪೈಪು, ಲಿಫ್ಟು ಎಲ್ಲಾ ಹೊರಗಡೆ ಇಟ್ಟು ಕಟ್ಟಿದ, ಸ್ಟೀಲು ಹೊದಿಸಿದ ಕಟ್ಟಡ, 1986ರದ್ದು. ನಮ್ಮ ಹುಲಿ ಗುರುಗುಟ್ಟಿದ ಜಾಗದಲ್ಲಿ, ಅದೇ 1799ರಲ್ಲಿ ಮುಳುಗಿದ ಹಡಗಿನ ಗಂಟೆ ತೂಗುತ್ತಿದೆ. ನಾನು ಎದುರು ಫುಟ್‌ಪಾತಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದೆ. ಕಂಪನಿ ಇಲ್ಲಿತ್ತು ಅಂತ ದಾರಿಯಲ್ಲಿ ಹೋಗೋರಿಗೆ ಗೊತ್ತಾಗೋ ಹಾಗೆ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ. ಗುಲಾಮರನ್ನು ಸಾಗಿಸಿದ ಹಡಗುಗಳಿಗೂ ಅದೇ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ವಿಮೆ ಸಿಗುತ್ತಿತ್ತು. 2020ರಲ್ಲಿ ಅವರೇ ಅದಕ್ಕೆ ಕ್ಷಮೆ ಕೇಳಿದರು. ಹಾಗಾಗಿ ನಿಮ್ಮ ಸಿಟ್ಟು ಸುಳ್ಳಲ್ಲ ಅಣ್ಣಾ.

ಪ್ರ: ಗಡಿಯಾರದ ಲೆಕ್ಕ ಲಂಡನ್ನಿಂದ ಯಾಕೆ? ನಮ್ಮ ಉಜ್ಜಯಿನಿಯಿಂದ ಯಾಕಲ್ಲ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಉ: ಒಳ್ಳೇ ಪ್ರಶ್ನೆ ಪುಟ್ಟಿ. ನಮ್ಮ ಹಳೇ ಜ್ಯೋತಿಷಿಗಳು ಉಜ್ಜಯಿನಿಯನ್ನೇ ರೇಖಾಂಶದ ಸೊನ್ನೆ ಅಂತ ಹಿಡಿದಿದ್ದರು. ಫ್ರಾನ್ಸಿನವರು ಪ್ಯಾರಿಸ್ ಅಂದರು. ಗೆದ್ದಿದ್ದು ಲಂಡನ್ನಿನ ಗ್ರೀನಿಚ್, ಅದಕ್ಕೂ ಹಡಗೇ ಕಾರಣ.

ನಡು ಸಮುದ್ರದಲ್ಲಿ ಹಡಗಿದೆ ಅಂದುಕೋ. ಉತ್ತರ-ದಕ್ಷಿಣ ಎಷ್ಟು ಬಂದಿದ್ದೇವೆ ಅನ್ನೋದು ಸೂರ್ಯ, ನಕ್ಷತ್ರ ನೋಡಿದರೆ ತಿಳಿಯುತ್ತೆ. ಪೂರ್ವ-ಪಶ್ಚಿಮ ತಿಳಿಯೋದೇ ಕಷ್ಟ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ ಅಲ್ವಾ. ನನ್ನ ಹತ್ತಿರ ಊರಿನ ಟೈಮ್ ತೋರಿಸೋ ಗಡಿಯಾರ ಇದ್ದು, ಇಲ್ಲಿ ನೆತ್ತಿ ಮೇಲೆ ಸೂರ್ಯ ಬಂದಾಗ ಅದು ಮೂರು ಗಂಟೆ ತೋರಿಸಿದರೆ, ನಾನು ಊರಿಂದ 45 ಡಿಗ್ರಿ ಪಶ್ಚಿಮಕ್ಕೆ ಬಂದಿದ್ದೇನೆ ಅಂತ ಲೆಕ್ಕ. ಅಂದರೆ ಊರಿನ ಟೈಮ್ ಪಕ್ಕಾ ಇರಬೇಕು. ಗ್ರೀನಿಚ್ ವೀಕ್ಷಣಾಲಯವನ್ನು 1675ರಲ್ಲಿ ಕಟ್ಟಿಸಿದ್ದೇ ಹಡಗಿನವರ ಈ ಕಷ್ಟಕ್ಕೆ. ಅಲ್ಲಿ ಗೋಪುರದ ತುದಿಯಲ್ಲಿ ಒಂದು ಕೆಂಪು ಚೆಂಡು ಇದೆ. 1833ರಿಂದ ಶುರುವಾದ ಪದ್ಧತಿ: 12.55ಕ್ಕೆ ಅರ್ಧ ಕಂಬ ಏರುತ್ತೆ, 12.58ಕ್ಕೆ ತುದಿ ಮುಟ್ಟುತ್ತೆ, ಸರಿಯಾಗಿ ಒಂದಕ್ಕೆ ಧೊಪ್ ಅಂತ ಇಳಿಯುತ್ತೆ. ಥೇಮ್ಸ್‌ನಲ್ಲಿ ನಿಂತ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಂಡು ಹೊರಡೋರು.

1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೊನ್ನೆ ಗೆರೆ ಎಲ್ಲಿರಬೇಕು ಅಂತ ತೀರ್ಮಾನ ಮಾಡೋಕೆ 25 ದೇಶದವರು ಸೇರಿದಾಗ, ಜಗತ್ತಿನ ಹಡಗು ಸಾಗಾಟದ 72% ಆಗಲೇ ಗ್ರೀನಿಚ್ ಲೆಕ್ಕದ ನಕ್ಷೆ ಬಳಸುತ್ತಿತ್ತು. ಇನ್ನು ಓಟು ಹಾಕೋದೇನು, 22 ದೇಶ ಹೂಂ ಅಂದವು. ಫ್ರಾನ್ಸ್ ಓಟೇ ಹಾಕಲಿಲ್ಲ. 1911ರಲ್ಲಿ ಒಪ್ಪಿಕೊಂಡಾಗಲೂ ಕಾನೂನಿನಲ್ಲಿ ಗ್ರೀನಿಚ್ ಅಂತ ಬರೆಯಲಿಲ್ಲ, "ಪ್ಯಾರಿಸ್ ಟೈಮಿಗೆ 9 ನಿಮಿಷ 21 ಸೆಕೆಂಡ್ ತಡ" ಅಂತ ಬರೆದುಕೊಂಡರು. ಹಠ ಅಂದ್ರೆ ಇದು!

ನಮ್ಮದು 82.5 ಡಿಗ್ರಿ ಪೂರ್ವ. 15ರಿಂದ ಭಾಗಿಸಿ ನೋಡು, ಐದೂವರೆ ಗಂಟೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಗ ನಾಲ್ಕೂವರೆ. ಅಲ್ಲಿರೋ ನನ್ನ ಅಕ್ಕನ ಮಗನಿಗೆ ಫೋನ್ ಮಾಡುವಾಗ ಈ ಲೆಕ್ಕ ತಪ್ಪಿ ಎಷ್ಟೋ ಸಲ ಅವನ ನಿದ್ದೆ ಕೆಡಿಸಿದ್ದೇನೆ.

ಗ್ರೀನಿಚ್‌ನಲ್ಲಿ ನೆಲದ ಮೇಲೆ ಗೆರೆ ಇದೆ. ಆಚೆಗೊಂದು ಕಾಲು ಈಚೆಗೊಂದು ಕಾಲು ಇಟ್ಟು ಫೋಟೋ ತೆಗೆಸೋಕೆ ಉದ್ದ ಕ್ಯೂ. ನಾನೂ ನಿಂತೆ. ಮೊಬೈಲ್ ತೆಗೆದು ನೋಡಿದರೆ ಸೊನ್ನೆ ಬರಲೇ ಇಲ್ಲ! ಜಿಪಿಎಸ್ ಲೆಕ್ಕದಲ್ಲಿ ಸೊನ್ನೆ ಇರೋದು ಅಲ್ಲಿಂದ 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನಲ್ಲಿ. ಅಲ್ಲಿ ಕ್ಯೂ ಇಲ್ಲ, ಗೆರೆಯೂ ಇಲ್ಲ.

ಪೇಟೆ ಬುದ್ಧಿ ಎಲ್ಲಿಗೆ ಮುಟ್ಟಿತ್ತು ಅಂದರೆ, ಟೈಮನ್ನೂ ಮಾರಿದರು. ರೂತ್ ಬೆಲ್ವಿಲ್ ಅನ್ನೋ ಹೆಂಗಸು ವಾರಕ್ಕೊಮ್ಮೆ ಗ್ರೀನಿಚ್‌ಗೆ ಹೋಗಿ ತನ್ನ ಕೈಚೀಲದ ಗಡಿಯಾರ ಸರಿಮಾಡಿಸಿಕೊಂಡು, ಆಮೇಲೆ ವಾಚ್ ಅಂಗಡಿಯಿಂದ ಅಂಗಡಿಗೆ ಹೋಗಿ ಅದನ್ನು ತೋರಿಸಿ ದುಡ್ಡು ತಗೋತಿದ್ದಳು. ಅಪ್ಪ 1836ರಲ್ಲಿ ಶುರುಮಾಡಿದ ಕಸುಬು, ಆಮೇಲೆ ಅಮ್ಮ, ಆಮೇಲೆ ಇವಳು. 1940ರ ತನಕ ನಡೆಸಿದಳು, ರೇಡಿಯೋ ಬಂದು ಎಷ್ಟೋ ವರ್ಷ ಆದಮೇಲೂ.

ಪ್ರ: ಚಿನ್ನದ ರೇಟಿಗೂ ಲಂಡನ್ನಿಗೂ ಏನು ಸಂಬಂಧ? (ಚಿನ್ನದಂಗಡಿ ಇಟ್ಟವರು, ದಾವಣಗೆರೆ)

ಉ: ನಿಮಗೆ ನಾನು ಹೇಳೋದಾ! ಆದರೂ ಬೇರೆ ಓದುಗರಿಗೋಸ್ಕರ. ಲಂಡನ್ನಿನಲ್ಲಿ ದಿನಕ್ಕೆ ಎರಡು ಸಲ, ಅಲ್ಲಿಯ ಬೆಳಿಗ್ಗೆ 10.30ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ, ಚಿನ್ನದ ಬೆಲೆ ಕೂಗುತ್ತಾರೆ. 1919ರ ಸೆಪ್ಟೆಂಬರ್ 12ಕ್ಕೆ ಶುರುವಾಗಿದ್ದು. ಮುಂಚೆ ರಾತ್‌ಚೈಲ್ಡ್ ಬ್ಯಾಂಕಿನ ಕೋಣೆಯಲ್ಲಿ ಐದು ಜನ ಕೂತು ಮಾಡುತ್ತಿದ್ದರು. ಸ್ವಲ್ಪ ತಾಳಿ ಅನ್ನೋದಕ್ಕೆ ಟೇಬಲ್ ಮೇಲಿನ ಪುಟ್ಟ ಬಾವುಟ ಎತ್ತೋರು. ಈಗ ಎಲ್ಲಾ ಕಂಪ್ಯೂಟರ್ ಹರಾಜು. ಆ ಡಾಲರ್ ಬೆಲೆಗೆ ರೂಪಾಯಿ ಲೆಕ್ಕ, ಆಮದು ಸುಂಕ, ಜಿಎಸ್‌ಟಿ ಸೇರಿ ನಿಮ್ಮ ಬೋರ್ಡಿಗೆ ಬರುತ್ತೆ.

ನಮ್ಮ ಕೋಲಾರದ ಗಣಿಯನ್ನು 1880ರಿಂದ ನಡೆಸಿದ್ದೂ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಸರ್ಕಾರ ಗಣಿಯನ್ನು ವಹಿಸಿಕೊಂಡದ್ದು 1956ರಲ್ಲಿ. ಇಲ್ಲಿನವರು ನೆಲದಡಿಯ ಕಾವಿನಲ್ಲಿ ಬೆವರು ಸುರಿಸಿ ತೆಗೆದರು, ಲಾಭದ ಲೆಕ್ಕ ಅಲ್ಲಿ ಬರೆದರು. 1991ರಲ್ಲಿ ದೇಶಕ್ಕೆ ಡಾಲರ್ ಕಷ್ಟ ಬಂದಾಗ ನಾವು ಸುಮಾರು 47 ಟನ್ ಚಿನ್ನ ಅಡ ಇಟ್ಟೆವಲ್ಲ, ಅದರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಪಾಲೂ ಇತ್ತು.

ಚಿನ್ನ ಅಂತಲ್ಲ, ಜಗತ್ತಿನ ಕರೆನ್ಸಿ ವ್ಯಾಪಾರದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಈಗಲೂ ಲಂಡನ್ನಿನಲ್ಲೇ ನಡೆಯುತ್ತೆ. ಸಾಮ್ರಾಜ್ಯ ಹೋಗಿ ಎಷ್ಟು ದಿನವಾಯ್ತು, ಇದು ಹೇಗೆ ಉಳಿಯಿತು? ಒಂದು ಕಾರಣ ಮೇಲೆ ಪುಟ್ಟಿಗೆ ಹೇಳಿದ್ದೇ. ಅಲ್ಲಿ ಬೆಳಿಗ್ಗೆ ಅಂಗಡಿ ತೆಗೆಯುವಾಗ ಸಿಂಗಾಪುರದವರು ಇನ್ನೂ ಬಾಗಿಲು ಹಾಕಿರಲ್ಲ, ಮಧ್ಯಾಹ್ನಕ್ಕೆ ನ್ಯೂಯಾರ್ಕಿನವರು ಬಾಗಿಲು ತೆಗೀತಾರೆ. ನಡುವೆ ಕೂತವನಿಗೆ ಎರಡೂ ಕಡೆ ಗಿರಾಕಿ.

ಪ್ರ: ಥೇಮ್ಸ್ ಗಬ್ಬು ನಾರುತ್ತಿತ್ತಂತೆ, ಸರಿಹೋಗಿದ್ದು ಹೇಗೆ? ನಮ್ಮ ಕೆರೆಗೂ ಏನಾದ್ರೂ ಆಸೆ ಇದೆಯಾ? (ಅಪಾರ್ಟ್‌ಮೆಂಟ್ ವಾಸಿ, ಬೆಳ್ಳಂದೂರು)

ಉ: 1858ರ ಜೂನ್‌ನಲ್ಲಿ ಬಿಸಿಲು ಜೋರಾಗಿ ನದಿಯ ಕೊಳಕು ಬೇಯೋಕೆ ಶುರುವಾಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಹೊಲಸು ನೇರ ನದಿಗೆ ಬೀಳುತ್ತಿತ್ತು. ಪಾರ್ಲಿಮೆಂಟು ನದಿ ದಡದಲ್ಲೇ ಇದೆ. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಿಟಕಿಗೆ ಕಟ್ಟಿದರೂ ಸಂಸದರಿಗೆ ಕೂರಲು ಆಗಲಿಲ್ಲ. ನಾಲ್ಕು ವರ್ಷದ ಹಿಂದೆ, ಕಾಲರಾ ಬರೋದು ಕೊಳಕು ನೀರಿಂದ ಅಂತ ಡಾಕ್ಟರ್ ಜಾನ್ ಸ್ನೋ ಬೀದಿ ಬೀದಿ ಲೆಕ್ಕ ಹಾಕಿ ತೋರಿಸಿದಾಗ ಅಷ್ಟಾಗಿ ತಲೆ ಕೆಡಿಸಿಕೊಳ್ಳದವರು, ಮೂಗಿಗೆ ಬಂದ ಕೂಡಲೇ 18 ದಿನದಲ್ಲಿ ಮಸೂದೆ ಪಾಸು ಮಾಡಿದರು. ಜೋಸೆಫ್ ಬಜಾಲ್ಜೆಟ್ ಅನ್ನೋ ಎಂಜಿನಿಯರ್ 132 ಕಿಲೋಮೀಟರ್ ಮುಖ್ಯ ಒಳಚರಂಡಿ ಕಟ್ಟಿ, ಹೊಲಸನ್ನು ಊರಿನ ಪೂರ್ವಕ್ಕೆ ಸಾಗಿಸಿದ. ಅವು ಇನ್ನೂ ಕೆಲಸ ಮಾಡುತ್ತಿವೆ. ಊರು ಅದಕ್ಕಿಂತ ದೊಡ್ಡದಾಗಿ, ಮಳೆ ಬಂದರೆ ಮತ್ತೆ ನದಿಗೆ ಉಕ್ಕುತ್ತಿತ್ತು ಅಂತ 25 ಕಿಲೋಮೀಟರ್‌ನ ಹೊಸ ಸುರಂಗ ತೋಡಿ 2025ರಲ್ಲಿ ಪೂರ್ತಿ ಶುರುಮಾಡಿದರು.

ನಿಮ್ಮ ಕೆರೆ ವಿಷಯಕ್ಕೆ ಬಂದರೆ, ವಿಧಾನಸೌಧವನ್ನು ಬೆಳ್ಳಂದೂರು ಕೆರೆ ಏರಿ ಮೇಲೆ ಕಟ್ಟಬೇಕಿತ್ತು ಸ್ವಾಮಿ. ಆ ನೊರೆ ಕಲಾಪದೊಳಗೆ ಹಾರಿ ಬಂದಿದ್ದರೆ ಹದಿನೆಂಟು ದಿನವೂ ಬೇಕಾಗುತ್ತಿರಲಿಲ್ಲ.

ಪ್ರ: ಮಕ್ಕಳ ಹಾಡಿನಲ್ಲಿ ಬೀಳೋ ಲಂಡನ್ ಬ್ರಿಜ್ ನಿಜವಾಗಿ ಬಿತ್ತಾ? (ಎಲ್‌ಕೆಜಿ ಮಗುವಿನ ಅಪ್ಪ, ಹುಬ್ಬಳ್ಳಿ)

ಉ: ಬಿದ್ದದ್ದಲ್ಲ, ಮಾರಿದ್ದು! 1831ರ ಸೇತುವೆ ಹಳತಾಯಿತು ಅಂತ 1968ರಲ್ಲಿ ಅಮೆರಿಕದ ಉದ್ಯಮಿಗೆ 24,60,000 ಡಾಲರಿಗೆ ಮಾರಿದರು. ಆತ ಕಲ್ಲುಗಳಿಗೆ ನಂಬರ್ ಹಾಕಿಸಿ ಅರಿಜೋನಾದ ಮರುಭೂಮಿಗೆ ಸಾಗಿಸಿ, 1971ರಲ್ಲಿ ಅಲ್ಲಿ ನಿಲ್ಲಿಸಿದ. ಈಗಲೂ ಅಲ್ಲೇ ಇದೆ.

ಪ್ರ: ಮುಂದಿನ ತಿಂಗಳು ಮಗಳ ಮನೆಗೆ ಲಂಡನ್ನಿಗೆ ಹೋಗ್ತಿದ್ದೀವಿ. ಬಸವಣ್ಣನವರ ಮೂರ್ತಿ ಎಲ್ಲಿದೆ, ಹೋಗೋದು ಹೇಗೆ? (ನಿವೃತ್ತ ದಂಪತಿ, ಕಲಬುರಗಿ)

ಉ: ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೋ ನದಿ ದಂಡೆ ಮೇಲೆ. ಮೇಲೆ ಹೇಳಿದ ಬಜಾಲ್ಜೆಟ್ ಕಟ್ಟಿಸಿದ ದಂಡೆಯೇ. ಲಂಡನ್ನಿನ ಒಂದು ಭಾಗವಾದ ಲ್ಯಾಂಬೆತ್‌ನ ಮೇಯರ್ ಆಗಿದ್ದ ನಿಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲ್ ಓಡಾಡಿ ಮಾಡಿಸಿದ್ದು, 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದರು. ವಾಕ್ಸಾಲ್ ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್ನಿನಲ್ಲಿ ಇಳಿದು, ನದಿಯನ್ನು ಎಡಗೈ ಕಡೆ ಇಟ್ಟುಕೊಂಡು ಲ್ಯಾಂಬೆತ್ ಸೇತುವೆ ಕಡೆಗೆ ನಿಧಾನಕ್ಕೆ ನಡೆಯಿರಿ. ಎದುರು ದಡದಲ್ಲಿ ಪಾರ್ಲಿಮೆಂಟು ಕಾಣುತ್ತೆ. ಉಬ್ಬರದ ಹೊತ್ತಾದರೆ ನೀರು ಗೋಡೆಗೆ ಬಡಿಯುತ್ತಿರುತ್ತೆ, ಇಳಿತವಾದರೆ ಕೆಳಗೆ ಕೆಸರು, ಕಲ್ಲು ಕಾಣುತ್ತೆ. ಬೆಂಚಿದೆ, ಕೂರಬಹುದು. ಕೊಡೆ ಮಾತ್ರ ಮರೀಬೇಡಿ.